4ನೇ ಜನರೇಶನ್ ಐ5ನಲ್ಲಿ ರಾತ್ರಿಯಿಡೀ ನಾಟಕದ ಲೈವ್, ಆಮೇಲೆ ಎಡಿಟಿಂಗ್: ಯಾವ ಪಾರ್ಟ್ ಮೊದಲು ಬದಲಾಯಿಸೋದು?

ಗುಬ್ಬಿಗೇಟ್_ವಿಡಿಯೋ (ತುಮಕೂರು):

ಎಲ್ಲರಿಗೂ ನಮಸ್ಕಾರ. ತುಮಕೂರು ಸುತ್ತಮುತ್ತಲ ಹಳ್ಳಿಗಳಲ್ಲಿ ಆಗೋ ಪೌರಾಣಿಕ ನಾಟಕಗಳನ್ನು ಯೂಟ್ಯೂಬ್‌ನಲ್ಲಿ ಲೈವ್ ಕೊಡಬೇಕು, ಆಮೇಲೆ ಸೀನ್ ಸೀನಾಗಿ ಕತ್ತರಿಸಿ ಹಾಕಬೇಕು. ಕುರುಕ್ಷೇತ್ರ ಅಂದ್ರೆ ರಾತ್ರಿ ಒಂಬತ್ತೂವರೆಗೆ ಶುರುವಾಗಿ ಬೆಳಗಿನ ಜಾವ ಐದೂವರೆಗೆ ಮಂಗಳ. 8 ಗಂಟೆ ಮಷಿನ್ ಒಂದು ಸಲವೂ ನಿಲ್ಲಬಾರದು.

ಈಗಿರೋ ಡೆಸ್ಕ್‌ಟಾಪ್: ಇಂಟೆಲ್ ಐ5-4460, ಎಚ್81 ಬೋರ್ಡ್, 4 ಜಿಬಿ ಡಿಡಿಆರ್3 ಒಂದೇ ಸ್ಟಿಕ್ (ಇನ್ನೊಂದು ಸ್ಲಾಟ್ ಖಾಲಿ), 1 ಟಿಬಿ ಹಾರ್ಡ್ ಡಿಸ್ಕ್, ಗ್ರಾಫಿಕ್ಸ್ ಕಾರ್ಡ್ ಇಲ್ಲ, ಕ್ಯಾಬಿನೆಟ್ ಜೊತೆಗೇ ಬಂದ "450 ವ್ಯಾಟ್" ಎಸ್‌ಎಂಪಿಎಸ್ (ಪವರ್ ಸಪ್ಲೈ), ವಿಂಡೋಸ್ 10. ಎಚ್‌ಡಿಎಂಐ ಔಟ್ ಇರೋ ಒಂದು ಕ್ಯಾಮೆರಾ, ಜೊತೆಗೆ ಪಕ್ಕದಿಂದ ಶೂಟ್ ಮಾಡೋಕೆ ಎರಡು ಫೋನ್.

ತೊಂದರೆ ಎರಡು. ಓಬಿಎಸ್‌ನಲ್ಲಿ (ಲೈವ್ ಕಳಿಸೋ ಸಾಫ್ಟ್‌ವೇರ್) 1080ಪಿ ಲೈವ್ ಶುರು ಮಾಡಿದ ಹತ್ತು ನಿಮಿಷಕ್ಕೆ "ಎನ್‌ಕೋಡಿಂಗ್ ಓವರ್‌ಲೋಡೆಡ್" ಅಂತ ಬರುತ್ತೆ. ಎಡಿಟಿಂಗ್‌ನಲ್ಲಿ ಕ್ಯಾಮೆರಾ ಕ್ಲಿಪ್ ಹೇಗೋ ಓಡುತ್ತೆ, ಫೋನ್ ಕ್ಲಿಪ್ ಮಾತ್ರ ಟೈಮ್‌ಲೈನ್‌ಗೆ ಎಳೆದ ತಕ್ಷಣ ತಡವರಿಸುತ್ತೆ. ಧ್ವನಿಗೂ ತುಟಿಗೂ ಹೊಂದಾಣಿಕೆನೇ ಇರಲ್ಲ.

ಅಂಗಡಿಯಲ್ಲಿ "ಐ7-4790 ಸೆಕೆಂಡ್ಸ್ ಹಾಕಿಸಿ, ಎಲ್ಲಾ ಸರಿ ಹೋಗುತ್ತೆ" ಅಂತಾರೆ. ಸರೀನಾ? ಎಲ್ಲಾನೂ ಒಂದೇ ಸಲ ಕೊಳ್ಳೋಕಾಗಲ್ಲ, ಯಾವುದು ಮೊದಲು ಅಂತ ಹೇಳಿ.

---

ಅಂತರಗಂಗೆ_ಹಾರ್ಡ್‌ವೇರ್ (ಕೋಲಾರ):

ಐ7ಗೆ ದುಡ್ಡು ಹಾಕಬೇಡಿ. 4790 ಅಂದ್ರೆ ಅದೇ ನಾಲ್ಕು ಕೋರ್, ಎಂಟು ಥ್ರೆಡ್. ಸಾಫ್ಟ್‌ವೇರ್ ಎನ್‌ಕೋಡಿಂಗ್ (ಪ್ರೊಸೆಸರೇ ವಿಡಿಯೋ ಹಿಂಡೋದು) ಸ್ವಲ್ಪ ಹಗುರವಾಗುತ್ತೆ ನಿಜ, ಆದರೆ ನಿಮ್ಮ ಎರಡನೇ ತೊಂದರೆ ಹಾಗೇ ಉಳಿಯುತ್ತೆ. 4ನೇ ಜನರೇಶನ್‌ನ ಒಳಗಿನ ಗ್ರಾಫಿಕ್ಸ್‌ಗೆ, ಐ5 ಇರಲಿ ಐ7 ಇರಲಿ, ಎಚ್.265 (ವಿಡಿಯೋ ಹಿಂಡೋ ಹೊಸ ವಿಧಾನ) ಬಿಡಿಸೋ ಹಾರ್ಡ್‌ವೇರೇ ಇಲ್ಲ. ಈಗಿನ ಬಹಳಷ್ಟು ಫೋನ್‌ಗಳು ಎಚ್.265ನಲ್ಲೇ ರೆಕಾರ್ಡ್ ಮಾಡುತ್ತವೆ. ಒಂದೊಂದು ಫ್ರೇಮನ್ನೂ ಪ್ರೊಸೆಸರ್ ಕೈಯಿಂದ ಬಿಡಿಸಬೇಕು, ಅದಕ್ಕೇ ತಡವರಿಕೆ. ಮೇಲಾಗಿ ಆ ಸಾಕೆಟ್ 1150ಗೆ ಮುಂದೆ ದಾರಿ ಇಲ್ಲ. ಅದಕ್ಕೆ ಹಾಕಿದ ಪ್ರೊಸೆಸರ್ ನಾಳೆ ಇನ್ಯಾವ ಬೋರ್ಡ್‌ಗೂ ಬರಲ್ಲ. "ಝಿಯಾನ್ ಇ3-1231 ವಿ3 ಅಗ್ಗ" ಅಂತಲೂ ಯಾರಾದರೂ ತಲೆ ತಿಂತಾರೆ. ಅದರಲ್ಲಿ ಒಳಗಿನ ಗ್ರಾಫಿಕ್ಸೇ ಇಲ್ಲ, ಈಗ ಇರೋ ಕ್ವಿಕ್ ಸಿಂಕ್ (ಇಂಟೆಲ್ ಗ್ರಾಫಿಕ್ಸ್‌ನ ಒಳಗಿನ ವಿಡಿಯೋ ಎನ್‌ಕೋಡರ್) ಕೂಡ ಹೋಗುತ್ತೆ.

ದುಡ್ಡೇ ಇಲ್ಲದೆ ಆಗೋದು ಮೊದಲು. ಫೋನ್ ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ "ಹೈ ಎಫಿಶಿಯೆನ್ಸಿ ವಿಡಿಯೋ" ಆಫ್ ಮಾಡಿ. ಐಫೋನ್ ಆದರೆ ಫಾರ್ಮ್ಯಾಟ್ಸ್‌ನಲ್ಲಿ "ಮೋಸ್ಟ್ ಕಂಪ್ಯಾಟಿಬಲ್". ಆಗ ಎಚ್.264 ಸಿಗುತ್ತೆ. ಇನ್ನು ತುಟಿ ಹೊಂದಿಕೆ: ಫೋನ್ ಬೆಳಕಿಗೆ ತಕ್ಕಂತೆ ಫ್ರೇಮ್ ವೇಗ ಏರಿಸಿ ಇಳಿಸುತ್ತೆ, 30 ಅಂದದ್ದು ಕತ್ತಲೆ ಸೀನ್‌ನಲ್ಲಿ 27, 24 ಆಗುತ್ತೆ. ಎಡಿಟಿಂಗ್ ಸಾಫ್ಟ್‌ವೇರ್ ಅದನ್ನು ಸಮನಾದ ವೇಗ ಅಂತ ಲೆಕ್ಕ ಹಾಕಿದರೆ ಗಂಟೆ ಕಳೆಯೋಷ್ಟರಲ್ಲಿ ಧ್ವನಿ ಎಲ್ಲೋ, ಚಿತ್ರ ಎಲ್ಲೋ. ಎಡಿಟಿಂಗ್‌ಗೆ ತರುವ ಮೊದಲು ಹ್ಯಾಂಡ್‌ಬ್ರೇಕ್ ಅನ್ನೋ ವಿಡಿಯೋ ಪರಿವರ್ತಿಸೋ ಸಾಫ್ಟ್‌ವೇರ್‌ನಲ್ಲಿ ಹಾಕಿ. ವಿಡಿಯೋ ಟ್ಯಾಬ್‌ನಲ್ಲಿ ಎಚ್.264, ಆರ್‌ಎಫ್ (ಗುಣಮಟ್ಟದ ಅಂಕ) 18, ಫ್ರೇಮ್‌ರೇಟ್ ಆಯ್ದುಕೊಂಡು "ಕಾನ್‌ಸ್ಟಂಟ್ ಫ್ರೇಮ್‌ರೇಟ್" ಒತ್ತಿ. ಇದೊಂದು ಬಿಟ್ಟರೆ ಎಷ್ಟು ದೊಡ್ಡ ಕಂಪ್ಯೂಟರ್ ತಂದರೂ ಸಿಂಕ್ ಹಾರುತ್ತೆ.

ಇನ್ನು ಕೊಳ್ಳೋದು, ಇದೇ ಕ್ರಮದಲ್ಲಿ.

ಮೊದಲು ಎಸ್‌ಎಸ್‌ಡಿ, 2.5 ಇಂಚಿನ ಸಾಟಾ 500 ಜಿಬಿ. ಎಚ್81ನಲ್ಲಿ ನಾಲ್ಕು ಸಾಟಾ ಪೋರ್ಟ್ ಇದ್ದರೂ ಎರಡೇ 6 ಗಿಗಾಬಿಟ್ ವೇಗದ್ದು, ಮಿಕ್ಕೆರಡು 3 ಗಿಗಾಬಿಟ್. ಹೆಚ್ಚಿನ ಬೋರ್ಡ್‌ಗಳಲ್ಲಿ ಬಣ್ಣ ಬೇರೆ ಇರುತ್ತೆ, ಪಕ್ಕದಲ್ಲಿ ಸಣ್ಣಕ್ಷರದಲ್ಲಿ ಬರೆದೂ ಇರುತ್ತೆ. ತಪ್ಪು ಪೋರ್ಟ್‌ಗೆ ಸಿಕ್ಕಿಸಿದರೆ ಸೆಕೆಂಡಿಗೆ 550 ಎಂಬಿ ಓದಬೇಕಾದ್ದು 280ರ ಆಸುಪಾಸಿಗೆ ನಿಲ್ಲುತ್ತೆ. ಎನ್‌ವಿಎಂಇ (ಇನ್ನೂ ವೇಗದ ಎಸ್‌ಎಸ್‌ಡಿ) ಅಡಾಪ್ಟರ್ ಆಸೆಗೆ ಬೀಳಬೇಡಿ: ಹೆಚ್ಚಿನ ಎಚ್81 ಬಯೋಸ್ ಅದರಿಂದ ಬೂಟ್ ಆಗಲ್ಲ, ಚಿಕ್ಕ ಸ್ಲಾಟ್‌ನಲ್ಲಿ ಸಾಟಾಗಿಂತ ಹೆಚ್ಚು ವೇಗವೂ ಸಿಗಲ್ಲ.

ಎರಡನೇದು ಎಸ್‌ಎಂಪಿಎಸ್. ಮುಚ್ಚಳ ತೆಗೆದು ಸ್ಟಿಕ್ಕರ್ ನೋಡಿ. ಮೇಲೆ ದಪ್ಪಕ್ಷರದ 450 ಲೆಕ್ಕಕ್ಕಿಲ್ಲ, "+12ವಿ" ಎದುರು ಎಷ್ಟು ಆಂಪಿಯರ್ ಅನ್ನೋದೇ ಲೆಕ್ಕ. 16 ಅಂತಿದ್ದರೆ 12×16, ಬರೀ 192 ವ್ಯಾಟ್. ಪ್ರೊಸೆಸರೂ ಕಾರ್ಡೂ ಕುಡಿಯೋದು ಆ ಲೈನ್‌ನಿಂದಲೇ. ಒಳ್ಳೇ 450ರಲ್ಲಿ ಅಲ್ಲಿ 30ರ ಮೇಲೆ ಇರುತ್ತೆ. 80 ಪ್ಲಸ್ ಬ್ರಾಂಜ್, 500–550 ವ್ಯಾಟ್, ಪ್ರೊಸೆಸರ್ ಕನೆಕ್ಟರ್ 4+4 ಪಿನ್ ಇರೋದು ತಗೊಳ್ಳಿ. ಈಗಿನ ಬೋರ್ಡ್‌ಗೆ 4 ಸಾಕು, ಮುಂದಿನ ಬೋರ್ಡ್ 8 ಕೇಳುತ್ತೆ.

ಮೂರನೇದು ರ‍್ಯಾಮ್: 8+8 ಜಿಬಿ ಡಿಡಿಆರ್3-1600. ಈ ಬೋರ್ಡ್‌ನ ಗರಿಷ್ಠವೂ 16. ಆನ್‌ಲೈನ್‌ನಲ್ಲಿ ತೀರಾ ಅಗ್ಗಕ್ಕೆ ಸಿಗೋ 8 ಜಿಬಿ ಸ್ಟಿಕ್‌ಗಳ ಕೆಳಗೆ "ಎಎಂಡಿಗೆ ಮಾತ್ರ" ಅಂತ ಚಿಕ್ಕದಾಗಿ ಬರೆದಿರುತ್ತೆ, ಇಂಟೆಲ್ ಬೋರ್ಡ್‌ನಲ್ಲಿ ಸ್ಕ್ರೀನೇ ಬರಲ್ಲ. ಸರ್ವರ್‌ನಿಂದ ಬಿಚ್ಚಿದ ರಿಜಿಸ್ಟರ್ಡ್ ರ‍್ಯಾಮ್ ಕೂಡ ಹಾಗೇ.

ಕೊನೆಗೆ ಕಾರ್ಡ್. ಇಲ್ಲೇ ಜನ ಜಾಸ್ತಿ ಎಡವೋದು. ಲೈವ್‌ಗೆ ಬೇಕಾದ್ದು ಎನ್‌ಕೋಡರ್ ಚಿಪ್. ಜಿಟಿ 1030ನಲ್ಲಿ ಅದಿಲ್ಲ. ರೇಡಿಯಾನ್ ಆರ್‌ಎಕ್ಸ್ 6400, 6500 ಎಕ್ಸ್‌ಟಿಯಲ್ಲೂ ಇಲ್ಲ. ಅವೆರಡಕ್ಕೆ ನಾಲ್ಕೇ ಲೇನ್ (ಡೇಟಾ ಹರಿಯೋ ದಾರಿ) ಬೇರೆ, ನಿಮ್ಮ ಬೋರ್ಡ್‌ನ ಸ್ಲಾಟ್ ಪಿಸಿಐಇ 2.0, ಅಂದ್ರೆ ಸೆಕೆಂಡಿಗೆ 2 ಜಿಬಿಗೆ ಉಸಿರು ಕಟ್ಟುತ್ತೆ. ಇಂಟೆಲ್ ಆರ್ಕ್‌ಗೆ ರಿಸೈಜಬಲ್ ಬಾರ್ ಅನ್ನೋ ಬೋರ್ಡ್ ಸೌಲಭ್ಯ ಬೇಕು, ಈ ಬೋರ್ಡ್‌ನಲ್ಲಿಲ್ಲ. ಸೆಕೆಂಡ್ಸ್ 1050 ಟಿಐಗೆ 2025ರ ಅಕ್ಟೋಬರ್‌ನಿಂದ ಮಾಮೂಲಿ ಡ್ರೈವರ್ ನಿಂತಿದೆ, ಭದ್ರತೆಯ ಪ್ಯಾಚ್ ಮಾತ್ರ. ಜಿಟಿಎಕ್ಸ್ 1650 ಆಗುತ್ತೆ, ಆದರೆ ಅದರ ಎನ್‌ಕೋಡರ್ ಒಂದು ತಲೆಮಾರು ಹಿಂದಿನದು. ಹೊಸದೇ ತಗೊಳ್ಳೋದಾದರೆ ಆರ್‌ಟಿಎಕ್ಸ್ 3050 6 ಜಿಬಿ: 70 ವ್ಯಾಟ್, ಹೆಚ್ಚಿನ ಮಾಡೆಲ್‌ಗಳಿಗೆ ಬೇರೆ ಪವರ್ ಕೇಬಲ್ ಬೇಡ. ಎಂಟು ಲೇನ್ ಇರೋದರಿಂದ ಹಳೇ ಸ್ಲಾಟ್‌ನಲ್ಲೂ 1080ಪಿ ಕೆಲಸಕ್ಕೆ ಸಾಕು.

---

ಶಿಡ್ಲಘಟ್ಟ_ಕ್ವಿಕ್‌ಸಿಂಕ್ (ಚಿಕ್ಕಬಳ್ಳಾಪುರ ಜಿಲ್ಲೆ):

ಎಸ್‌ಎಸ್‌ಡಿ, ಎಸ್‌ಎಂಪಿಎಸ್ ಎರಡಕ್ಕೂ ನನ್ನ ಒಪ್ಪಿಗೆ ಇದೆ. ರ‍್ಯಾಮ್ ಮತ್ತು ಕಾರ್ಡ್ ವಿಷಯದಲ್ಲಿ ಒಪ್ಪಲ್ಲ.

ಡಿಡಿಆರ್3 ರ‍್ಯಾಮೂ ಕಾರ್ಡೂ ಸೇರಿಸಿದ ದುಡ್ಡಿಗೆ ಬೋರ್ಡ್, ಪ್ರೊಸೆಸರ್, ರ‍್ಯಾಮ್ ಮೂರೂ ಹೊಸದಾಗಿ ಬರುತ್ತಾ ಅಂತ ಮೊದಲು ಕೊಟೇಶನ್ ತಗೊಳ್ಳಿ. ಎಚ್610 ಬೋರ್ಡ್, ಐ3-12100 ಅಥವಾ ಐ5-12400, 8+8 ಡಿಡಿಆರ್4. ಇವುಗಳ ಒಳಗಿನ ಯುಎಚ್‌ಡಿ 730 ಗ್ರಾಫಿಕ್ಸ್ ಎಚ್.265ನ 10 ಬಿಟ್ ವಿಡಿಯೋನೂ ಬಿಡಿಸುತ್ತೆ, ಓಬಿಎಸ್‌ಗೆ ಎಚ್.264 ಎನ್‌ಕೋಡೂ ಮಾಡುತ್ತೆ. ಲೈವ್‌ಗೋಸ್ಕರ ಕಾರ್ಡೇ ಬೇಡ. ಕೊನೆಗೆ "ಎಫ್" ಇರೋ 12100ಎಫ್, 12400ಎಫ್ ಕೊಟ್ಟರೆ ವಾಪಸ್ ಕೊಡಿ, ಅದರಲ್ಲಿ ಒಳಗಿನ ಗ್ರಾಫಿಕ್ಸ್ ಇರಲ್ಲ. ಬಿಲ್ಲಿನಲ್ಲಿ ಆ ಒಂದು ಅಕ್ಷರ ನೋಡದೇ ಬರೋರು ಬಹಳ.

ಇನ್ನೊಂದು ಕಾರಣ ವಿಂಡೋಸ್. ವಿಂಡೋಸ್ 10ಗೆ ಬೆಂಬಲ 14 ಅಕ್ಟೋಬರ್ 2025ಕ್ಕೆ ಮುಗಿದಿದೆ. ವಿಂಡೋಸ್ 11 ಅಧಿಕೃತವಾಗಿ ಕೇಳೋದು 8ನೇ ಜನರೇಶನ್ ಮತ್ತು ಟಿಪಿಎಂ 2.0 (ಭದ್ರತೆಯ ಚಿಪ್). ಸುತ್ತು ದಾರಿಯಲ್ಲಿ ಹಾಕಬಹುದು, ಆದರೆ ಜನರ ಮುಂದೆ ಎಂಟು ಗಂಟೆ ಲೈವ್ ಓಡಿಸೋ ಮಷಿನ್‌ಗೆ ಆ ದಾರಿ ಬೇಡ.

---

ಗುಬ್ಬಿಗೇಟ್_ವಿಡಿಯೋ:

ಇಬ್ಬರಿಗೂ ಧನ್ಯವಾದ. ಸ್ಟಿಕ್ಕರ್ ನೋಡಿದೆ: +12ವಿ ಎದುರು 15 ಆಂಪಿಯರ್. ಎಡಿಟಿಂಗ್‌ನಲ್ಲಿ ಕಲರ್ ಕೆಲಸ ಏನೂ ಇಲ್ಲ. ಸೀನ್ ಕತ್ತರಿಸೋದು, ಪಾತ್ರಧಾರಿಯ ಹೆಸರು, ಊರಿನ ಹೆಸರು ಟೈಟಲ್ ಹಾಕೋದು ಅಷ್ಟೇ. ಹಾಗಾದರೆ ಕಾರ್ಡಾ, ಬೋರ್ಡಾ?

---

ಅಂತರಗಂಗೆ_ಹಾರ್ಡ್‌ವೇರ್:

ಬೋರ್ಡ್. ಡಾವಿಂಚಿ ರಿಸಾಲ್ವ್‌ನಲ್ಲಿ ಗ್ರೇಡಿಂಗ್, ಎಫೆಕ್ಟ್ ಇದ್ದಿದ್ದರೆ ಕಾರ್ಡ್ ಬೇಕೇ ಬೇಕು ಅಂತಿದ್ದೆ, ಆ ಸಾಫ್ಟ್‌ವೇರ್ ಪೂರ್ತಿ ಕಾರ್ಡ್ ಮೇಲೆ ನಿಂತಿರೋದು. ಬರೀ ಕಟ್ ಮತ್ತು ಟೈಟಲ್ ಅಂದ್ರೆ ಶಿಡ್ಲಘಟ್ಟದವರು ಹೇಳಿದ್ದೇ ಸರಿ. 15 ಆಂಪಿಯರ್ ಅಂದ್ರೆ 180 ವ್ಯಾಟ್, ಅದೂ ಕಾಗದದ ಮೇಲೆ. ಎಸ್‌ಎಂಪಿಎಸ್ ಬದಲಾಯಿಸದೆ ಹೊಸ ಬೋರ್ಡ್ ಜೋಡಿಸಬೇಡಿ.

ಈ ತಿಂಗಳು ಎಸ್‌ಎಸ್‌ಡಿ ಮತ್ತು ಎಸ್‌ಎಂಪಿಎಸ್, ಮುಂದಿನ ಸಲ ಬೋರ್ಡ್ ಸೆಟ್. ಮಧ್ಯೆ ಹಳೇ ಐ5ನಲ್ಲೇ ಲೈವ್ ಕೊಡಬೇಕಾದರೆ 720ಪಿಗೆ ಇಳಿಸಿ, ಎಕ್ಸ್264 (ಸಾಫ್ಟ್‌ವೇರ್ ಎನ್‌ಕೋಡರ್) "ಸೂಪರ್‌ಫಾಸ್ಟ್", 2500 ಕೆಬಿಪಿಎಸ್. ಅದಕ್ಕೂ ಮೊದಲು ಕೂಲರ್ ಬಿಚ್ಚಿ ನೋಡಿ. ಹತ್ತು ನಿಮಿಷ ಸರಿಯಾಗಿ ಓಡಿ ಆಮೇಲೆ ಓವರ್‌ಲೋಡ್ ಆಗುತ್ತೆ ಅಂದ್ರೆ ಶಾಖದ ಗುಮಾನಿ. ಫ್ಯಾನ್ ಕೆಳಗಿನ ಅಲ್ಯೂಮಿನಿಯಂ ರೆಕ್ಕೆಗಳ ಸಂದಿಯಲ್ಲಿ ನಮ್ಮ ಕಡೆ ಕೆಂಪು ಧೂಳು ಫೆಲ್ಟ್ ಬಟ್ಟೆ ಹಾಗೆ ಕೂತಿರುತ್ತೆ. ಮೇಲಿಂದ ನೋಡಿದರೆ ಫ್ಯಾನ್ ತಿರುಗ್ತಾನೇ ಇರುತ್ತೆ, ಗಾಳಿ ಮಾತ್ರ ಕೆಳಗೆ ಇಳಿಯಲ್ಲ. ಫ್ಯಾನ್ ಎತ್ತಿ, ಬ್ರಷ್‌ನಲ್ಲಿ ಕೆದಕಿ, ಒಣಗಿದ ಪೇಸ್ಟ್ ಒರೆಸಿ, ಬಟಾಣಿ ಕಾಳಿನಷ್ಟು ಹೊಸ ಪೇಸ್ಟ್ ಹಾಕಿ. ಕೂರಿಸುವಾಗ ನಾಲ್ಕು ಪ್ಲಾಸ್ಟಿಕ್ ಪಿನ್ ಎದುರುಬದುರು ಒತ್ತಿ, ಪ್ರತಿಯೊಂದೂ ಕಟಕ್ ಅನ್ನಬೇಕು. ಒಂದು ಪಿನ್ ಎದ್ದಿದ್ದರೂ 100 ಡಿಗ್ರಿ ಮುಟ್ಟಿ ಪ್ರೊಸೆಸರ್ ತಾನಾಗಿ ವೇಗ ಇಳಿಸಿಕೊಳ್ಳುತ್ತೆ.

ಬೋರ್ಡ್ ಬದಲಾಯಿಸುವಾಗ ಮೂರು ಮಾತು. ಎಚ್610ನಲ್ಲಿ ಡಿಡಿಆರ್4ದೂ ಇದೆ, ಡಿಡಿಆರ್5ದೂ ಇದೆ. ರ‍್ಯಾಮ್ ಜೊತೆ ಹೊಂದಿಸಿ ತಗೊಳ್ಳಿ. ಬೆಂಗಳೂರಿನ ಎಸ್.ಪಿ. ರೋಡಿಗೇ ಹೋಗಿ ತರೋದಾದರೆ ಅಂಗಡಿ ಬಿಡುವ ಮೊದಲು ಸಾಕೆಟ್ ಮುಚ್ಚಳ ತೆಗೆಸಿ, ಮೊಬೈಲ್ ಟಾರ್ಚ್ ಓರೆಯಾಗಿ ಹಿಡಿದು ಪಿನ್ ಸಾಲು ನೋಡಿ. ಬಾಗಿದ ಪಿನ್ ಒಂದೇ ಆದರೂ ಸಾಲಿನಲ್ಲಿ ಬೇರೆ ತರಹ ಮಿಂಚುತ್ತೆ. ತುಮಕೂರಿಗೆ ಬಂದ ಮೇಲೆ ಹೇಳಿದರೆ ಯಾರೂ ವಾರಂಟಿ ಕೊಡಲ್ಲ. ಮೂರನೇದು, ಹಳೇ ಕ್ಯಾಬಿನೆಟ್‌ನ ಹಿತ್ತಾಳೆ ಸ್ಟ್ಯಾಂಡ್‌ಆಫ್‌ಗಳನ್ನು (ಬೋರ್ಡ್ ಎತ್ತಿ ಹಿಡಿಯೋ ಗಿಡ್ಡ ಕಂಬಗಳು) ಹೊಸ ಬೋರ್ಡ್‌ನ ತೂತುಗಳಿಗೆ ಹೊಂದಿಸಿ ಎಣಿಸಿ. ತೂತಿಲ್ಲದ ಜಾಗದಲ್ಲಿ ಒಂದು ಉಳಿದರೆ ಬೋರ್ಡ್ ಬೆನ್ನಿಗೆ ತಾಗಿ ಶಾರ್ಟ್.

ರ‍್ಯಾಮ್ ಎರಡು ಸ್ಟಿಕ್ಕೇ ಇರಲಿ, 16ರ ಒಂದು ಬೇಡ. ಒಳಗಿನ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇಲ್ಲ, ರ‍್ಯಾಮನ್ನೇ ಹಂಚಿಕೊಳ್ಳುತ್ತೆ. ಎರಡು ಚಾನೆಲ್ ಇದ್ದರೆ ಅದರ ದಾರಿ ಎರಡರಷ್ಟು ಅಗಲ.

---

ಮೇಳದ_ಮಿಕ್ಸರ್ (ಗೌರಿಬಿದನೂರು):

ಕಂಪ್ಯೂಟರ್ ವಿಷಯ ಮುಗೀತು, ಲೈವ್ ಕೆಡೋದು ಅದರ ಹೊರಗೂ ಇದೆ.

ಕ್ಯಾಪ್ಚರ್ ಕಾರ್ಡ್ (ಕ್ಯಾಮೆರಾ ಚಿತ್ರವನ್ನು ಕಂಪ್ಯೂಟರ್‌ಗೆ ತರೋದು): "4ಕೆ" ಅಂತ ಬರೆದ ಅಗ್ಗದ ಯುಎಸ್‌ಬಿ 2.0 ಕಡ್ಡಿಗಳು 4ಕೆ ಒಳಗೆ ತಗೊಳ್ಳುತ್ತವೆ, ಹೊರಗೆ ಕೊಡೋದು ಹಿಂಡಿದ 1080ಪಿ. ಆ ಹಿಂಡಿದ್ದನ್ನು ಬಿಡಿಸೋದು ಮತ್ತೆ ಪ್ರೊಸೆಸರ್ ತಲೆಗೆ. ಯುಎಸ್‌ಬಿ 3.0 ಕಾರ್ಡ್ ತಗೊಂಡು ಹಿಂದುಗಡೆಯ ನೀಲಿ ಪೋರ್ಟ್‌ಗೇ ಸಿಕ್ಕಿಸಿ. ಕ್ಯಾಮೆರಾದಲ್ಲಿ ಎಚ್‌ಡಿಎಂಐ ಮಾಹಿತಿ ಪ್ರದರ್ಶನ ಆಫ್ ಮಾಡಿ, ಇಲ್ಲದಿದ್ದರೆ ಬ್ಯಾಟರಿ ಗುರುತು ದುರ್ಯೋಧನನ ಕಿರೀಟದ ಮೇಲೆ ರಾತ್ರಿಯಿಡೀ ಕೂತಿರುತ್ತೆ.

ಫ್ರೇಮ್‌ರೇಟ್: ನಮ್ಮ ಕರೆಂಟ್ 50 ಹರ್ಟ್ಸ್. ಕ್ಯಾಮೆರಾ 25, ಶಟರ್ 1/50, ಓಬಿಎಸ್‌ನಲ್ಲೂ 25. ಫೋನ್‌ನಲ್ಲಿ 25 ಸಿಗದಿದ್ದರೆ ಎಲ್ಲವನ್ನೂ 30ಕ್ಕೆ ಇಡಿ, ಹ್ಯಾಂಡ್‌ಬ್ರೇಕ್‌ನಲ್ಲೂ ಅದೇ, ಆದರೆ ಶಟರ್ 1/50 ಅಥವಾ 1/100 ಬಿಟ್ಟು ಕದಲಬಾರದು. 1/60 ಇಟ್ಟರೆ ಸೀರಿಯಲ್ ಸೆಟ್, ಟ್ಯೂಬ್‌ಲೈಟ್ ಹಿನ್ನೆಲೆಯಲ್ಲಿ ಪಟ್ಟೆ ಪಟ್ಟೆ ಹರಿಯುತ್ತೆ.

ಧ್ವನಿ: ಮೈಕ್ ಸೆಟ್‌ನವರ ಮಿಕ್ಸರ್‌ನಿಂದ ಲೈನ್ ತಗೊಂಡರೆ ನೀಲಿ ಜ್ಯಾಕ್‌ಗೆ, ಗುಲಾಬಿ ಜ್ಯಾಕ್‌ಗಲ್ಲ. ಗುಲಾಬಿ ಮೈಕಿನದು, ಅದು ಇನ್ನಷ್ಟು ಹಿಗ್ಗಿಸುತ್ತೆ. ಭೀಮ ಗದೆ ಎತ್ತಿ ಕೂಗಿದ ಕಡೆಯೆಲ್ಲ ಒಡೆದ ತಮಟೆ ಸದ್ದು ಬರುತ್ತೆ. ಓಬಿಎಸ್ ಮೀಟರ್‌ನಲ್ಲಿ ಕಂದ ಪದ್ಯ ಏರುದನಿಯಲ್ಲಿ ಹಾಡುವಾಗಲೂ -6 ದಾಟದ ಹಾಗೆ ಮಿಕ್ಸರ್‌ನಲ್ಲೇ ಇಳಿಸಿ. "ಗೊಂಯ್" ಅಂತ ಹಮ್ಮಿಂಗ್ ಬಂದರೆ ಮಿಕ್ಸರ್ ಮತ್ತು ಕಂಪ್ಯೂಟರ್ ಬೇರೆ ಬೇರೆ ಲೈನ್‌ನಲ್ಲಿರಬಹುದು. ಒಂದೇ ಕಡೆಯಿಂದ ಕರೆಂಟ್ ಕೊಡಿ, ಆಗಲೂ ಹೋಗದಿದ್ದರೆ ಗ್ರೌಂಡ್ ಲೂಪ್ ಐಸೊಲೇಟರ್ ಮಧ್ಯೆ ಹಾಕಿ.

ಮಿಕ್ಸರ್ ಧ್ವನಿ ತಕ್ಷಣ ಬರುತ್ತೆ, ಚಿತ್ರ ಕ್ಯಾಪ್ಚರ್ ಕಾರ್ಡ್ ದಾಟಿ ತಡವಾಗಿ ಬರುತ್ತೆ. ನಾಟಕ ಶುರುವಾಗೋ ಮೊದಲು ಸ್ಟೇಜ್ ಮೈಕ್ ಮುಂದೆ ಯಾರಾದರೂ ಚಪ್ಪಾಳೆ ತಟ್ಟಲಿ, ಹತ್ತು ಸೆಕೆಂಡ್ ರೆಕಾರ್ಡ್ ಮಾಡಿ, ಸದ್ದಿಗೂ ಕೈ ಸೇರೋದಕ್ಕೂ ಎಷ್ಟು ಫ್ರೇಮ್ ಅಂತರ ಅಂತ ಎಣಿಸಿ. 25ರಲ್ಲಿ ಒಂದು ಫ್ರೇಮ್ 40 ಮಿಲಿಸೆಕೆಂಡ್. ಮೂರು ಫ್ರೇಮ್ ಇದ್ದರೆ ಆಡಿಯೋದ ಸುಧಾರಿತ ಗುಣಗಳಲ್ಲಿ ಸಿಂಕ್ ಆಫ್‌ಸೆಟ್ 120 ಹಾಕಿ.

---

ಶಿಡ್ಲಘಟ್ಟ_ಕ್ವಿಕ್‌ಸಿಂಕ್:

ಹೊಸ ಬೋರ್ಡ್ ಬಂದ ಮೇಲೆ ಓಬಿಎಸ್ ಸೆಟ್ಟಿಂಗ್: ಎನ್‌ಕೋಡರ್ ಕ್ವಿಕ್ ಸಿಂಕ್ ಎಚ್.264, ಸಿಬಿಆರ್ (ಒಂದೇ ಸಮನಾದ ಬಿಟ್‌ರೇಟ್), 1080ಪಿಗೆ 4000–4500 ಕೆಬಿಪಿಎಸ್, ಕೀಫ್ರೇಮ್ 2 ಸೆಕೆಂಡ್, ಆಡಿಯೋ 160. ಅಪ್‌ಲೋಡ್ ವೇಗ ಬಿಟ್‌ರೇಟ್‌ನ ಒಂದೂವರೆ ಪಟ್ಟಾದರೂ ಇರಬೇಕು, ಅದನ್ನೂ ಜನ ಸೇರಿದ ಮೇಲೆ ರಾತ್ರಿ ಹತ್ತಕ್ಕೆ ಅಳೆಯಬೇಕು. ಮಧ್ಯಾಹ್ನ ಖಾಲಿ ಮೈದಾನದಲ್ಲಿ ಅಳೆದ ವೇಗಕ್ಕೂ ಸಾವಿರ ಫೋನ್ ಒಂದೇ ಟವರ್‌ಗೆ ಸೇರಿದ ಮೇಲಿನ ವೇಗಕ್ಕೂ ಸಂಬಂಧ ಇಲ್ಲ. ಮೊಬೈಲ್ ನೆಟ್ ಆದರೆ ಬಿಟ್‌ರೇಟ್ ತಾನಾಗಿ ಇಳಿಯೋ ಆಯ್ಕೆ ಸುಧಾರಿತ ಸೆಟ್ಟಿಂಗ್‌ನ ನೆಟ್‌ವರ್ಕ್ ಭಾಗದಲ್ಲಿದೆ, ಆನ್ ಮಾಡಿ.

4000ರಲ್ಲಿ ಗಂಟೆಗೆ ಸುಮಾರು 1.9 ಜಿಬಿ, 8 ಗಂಟೆಗೆ 15 ಜಿಬಿ. ದಿನಕ್ಕೆ 2 ಜಿಬಿ ಪ್ಲಾನ್ ಪೀಠಿಕೆ ಮುಗಿಯೋಷ್ಟರಲ್ಲಿ ಖಾಲಿ. ಯೂಟ್ಯೂಬ್ 12 ಗಂಟೆಯೊಳಗಿನ ಲೈವನ್ನು ತಾನೇ ಉಳಿಸಿಕೊಳ್ಳುತ್ತೆ, ಆದರೆ ಎಡಿಟಿಂಗ್‌ಗೆ ಅದನ್ನು ನಂಬಬೇಡಿ. ಪಕ್ಕದಲ್ಲೇ 20,000 ಕೆಬಿಪಿಎಸ್‌ನಲ್ಲಿ ರೆಕಾರ್ಡ್ ಮಾಡಿ: ಗಂಟೆಗೆ 9 ಜಿಬಿ, ರಾತ್ರಿಗೆ 72. ಫಾರ್ಮ್ಯಾಟ್ ಎಂಕೆವಿ ಇರಲಿ. ಮಾಮೂಲಿ ಎಂಪಿ4 ಆದರೆ ಕೊನೆಯಲ್ಲಿ ಸೂಚಿ ಬರೆದು ಮುಗಿಸುತ್ತೆ, ಮಧ್ಯೆ ಕರೆಂಟ್ ಹೋದರೆ ಇಡೀ ಫೈಲ್ ತೆರೆಯಲ್ಲ. ಎಂಕೆವಿಯಲ್ಲಿ ಅಲ್ಲಿವರೆಗಿನದು ಉಳಿಯುತ್ತೆ, ಬೆಳಿಗ್ಗೆ ಓಬಿಎಸ್‌ನಲ್ಲೇ ರೀಮಕ್ಸ್ (ಮತ್ತೆ ಎನ್‌ಕೋಡ್ ಮಾಡದೆ ಫೈಲ್ ವಿಧ ಬದಲಿಸೋದು) ಮಾಡಿದರೆ ಎಂಪಿ4. ಅಡ್ವಾನ್ಸ್ಡ್ ಔಟ್‌ಪುಟ್‌ನಲ್ಲಿ 60 ನಿಮಿಷಕ್ಕೊಂದು ಫೈಲ್ ಒಡೆಯೋ ಆಯ್ಕೆಯೂ ಇದೆ, ಸೀನ್ ಹುಡುಕೋಕೆ ಸುಲಭ.

ಲೈವ್ ನಡೆಯುವಾಗ ಓಬಿಎಸ್ ಸ್ಟ್ಯಾಟ್ಸ್ ಕಿಟಕಿ ತೆರೆದಿಡಿ. ಎನ್‌ಕೋಡಿಂಗ್ ಲ್ಯಾಗ್ ಏರಿದರೆ ಎನ್‌ಕೋಡರ್ ಸೋತಿದೆ, ರೆಂಡರಿಂಗ್ ಲ್ಯಾಗ್ ಏರಿದರೆ ಗ್ರಾಫಿಕ್ಸ್ ಸೋತಿದೆ, ಡ್ರಾಪ್ಡ್ ಫ್ರೇಮ್ಸ್ ಏರಿದರೆ ನೆಟ್. ಮೂರನೇದು ಏರ್ತಿದ್ದಾಗ ಕಂಪ್ಯೂಟರ್ ಸೆಟ್ಟಿಂಗ್ ಮುಟ್ಟಬೇಡಿ.

---

ಗುಬ್ಬಿಗೇಟ್_ವಿಡಿಯೋ:

ಒಂದೇ ಒಂದು ಪ್ರಶ್ನೆ ಉಳೀತು. ಹಳ್ಳಿಗಳಲ್ಲಿ ಲೈಟಿಂಗ್, ಮೈಕ್ ಎಲ್ಲಾ ಜನರೇಟರ್ ಮೇಲೆ. 600 ವಿಎ ಯುಪಿಎಸ್ ಸಾಕಾ?

---

ಮೇಳದ_ಮಿಕ್ಸರ್:

ಕಾರ್ಡ್ ಇಲ್ಲದ ಹೊಸ ಬೋರ್ಡ್‌ಗೆ ಸಾಕು. 600 ವಿಎ ಅಂದ್ರೆ ಸುಮಾರು 360 ವ್ಯಾಟ್, ಬ್ಯಾಟರಿ ಹೊಸದಿದ್ದರೆ ಐದಾರು ನಿಮಿಷ ಎಳೆಯುತ್ತೆ, ಜನರೇಟರ್‌ಗೆ ಡೀಸೆಲ್ ಹಾಕೋಷ್ಟು ಹೊತ್ತು. ಹಳೇ ಬ್ಯಾಟರಿ ಎರಡು ನಿಮಿಷಕ್ಕೆ ಕೈ ಕೊಡುತ್ತೆ, ಮೊದಲೇ ಮನೆಯಲ್ಲಿ ಪ್ಲಗ್ ಕಿತ್ತು ಗಡಿಯಾರ ಹಿಡಿದು ನೋಡಿ. ನೆಟ್ ರೂಟರ್ ಕೂಡ ಅದೇ ಯುಪಿಎಸ್‌ಗೆ ಹಾಕಿ. ಕಂಪ್ಯೂಟರ್ ಉಳಿದು ರೂಟರ್ ಸತ್ತರೆ ಲೈವ್ ನಿಂತ ಹಾಗೇ.

ತೊಂದರೆ ಇರೋದು ಜನರೇಟರ್‌ನ ಏರಿಳಿತದಲ್ಲಿ. ಯುದ್ಧದ ಸೀನ್‌ಗೆ ಫ್ಲಡ್‌ಲೈಟ್ ಎಲ್ಲಾ ಒಟ್ಟಿಗೆ ಹೊತ್ತಿಸಿದಾಗ ವೋಲ್ಟೇಜೂ ಫ್ರೀಕ್ವೆನ್ಸಿಯೂ ಕುಸಿಯುತ್ತೆ, ಯುಪಿಎಸ್ ಅದನ್ನು ಕರೆಂಟ್ ಹೋಯಿತು ಅಂತಲೇ ತಿಳಿದು ಬ್ಯಾಟರಿಗೆ ಹಾರುತ್ತೆ. ಹೀಗೆ ಹತ್ತು ಸಲ ಆದರೆ ಬ್ಯಾಟರಿ ತುಂಬೋಕೆ ಹೊತ್ತೇ ಸಿಗಲ್ಲ, ಜನರೇಟರ್ ಓಡ್ತಿದ್ದರೂ ಮೂರು ಗಂಟೆ ರಾತ್ರಿಗೆ ಮಷಿನ್ ಆಫ್. ಲೈಟಿನ ಲೈನ್‌ನಿಂದ ಎಳೆದುಕೊಳ್ಳಬೇಡಿ. ಊರಿನ ಕರೆಂಟ್ ಇರೋ ಹತ್ತಿರದ ಮನೆಯಿಂದಲೋ ದೇವಸ್ಥಾನದಿಂದಲೋ ಒಂದು ವೈರ್ ತಂದು, ನಿಮ್ಮ ಕಂಪ್ಯೂಟರ್, ರೂಟರ್ ಮತ್ತು ಮೈಕ್ ಸೆಟ್‌ನ ಮಿಕ್ಸರ್ ಇಷ್ಟನ್ನೇ ಅದಕ್ಕೆ ಹಾಕಿ, ಆಂಪ್ಲಿಫೈಯರ್ ಜನರೇಟರ್ ಮೇಲೇ ಇರಲಿ. ಆಂಪ್ಲಿಫೈಯರ್ ಬೇರೆ ಲೈನ್‌ನಲ್ಲಿರೋದರಿಂದ ಹಮ್ಮಿಂಗ್ ಬರಬಹುದು, ಆ ಐಸೊಲೇಟರ್ ಚೀಲದಲ್ಲಿ ಇಟ್ಟುಕೊಂಡೇ ಹೋಗಿ. ಬಯೋಸ್‌ನಲ್ಲಿ ಕರೆಂಟ್ ಬಂದ ಕೂಡಲೇ ತಾನಾಗಿ ಆನ್ ಆಗೋ ಆಯ್ಕೆ ಹಾಕಿಡಿ, ವಿಂಡೋಸ್ ಅಪ್‌ಡೇಟನ್ನು ಒಂದು ವಾರಕ್ಕೆ ತಡೆಹಿಡಿಯಿರಿ.